ಒಂದೇ ಎಳೆತಕ್ಕೆ ಬಿಚ್ಚುವ ಗಂಟು

ಟ್ರಂಕಿನ ಮುಚ್ಚಳ ಎತ್ತಿದಾಗ ಮೊದಲು ಮೂಗಿಗೆ ಬಂದದ್ದು ನುಸಿಗುಳಿಗೆಯ ವಾಸನೆ. ಅದು ಬರಬೇಕಾದದ್ದೇ. ಆಮೇಲೆ ಹಳೆಯ ದುಪ್ಪಟಿಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಡುತ್ತಾ ಹೋದಂತೆ ತಳದಿಂದ ಬೇರೊಂದು ವಾಸನೆ ಎದ್ದಿತು. ಸೀಮೆಎಣ್ಣೆ, ಗ್ರೀಸು, ಬಹಳ ವರ್ಷ ಉಟ್ಟು ಮೆತ್ತಗಾದ ಹತ್ತಿ ಸೀರೆ, ಮೂರೂ ಕೂಡಿದ ವಾಸನೆ. ಇಪ್ಪತ್ತೈದು ವರ್ಷಕ್ಕೂ ಮೇಲೆ ಸೀಮೆಎಣ್ಣೆಯ ವಾಸನೆ ಉಳಿಯುವುದಿಲ್ಲ ಎಂದು ತಿಳಿದವರು ಯಾರಾದರೂ ವಾದಿಸಬಹುದು. ವಾದಿಸಲಿ, ನನ್ನ ಮೂಗಿಗೆ ಬಂತು. ತಳದಲ್ಲಿ ಹಸಿರು ಸೀರೆಯ ತುಂಡಿನಲ್ಲಿ ಕಟ್ಟಿದ, ಮುಷ್ಟಿಯಷ್ಟು ದೊಡ್ಡ ಗಂಟೊಂದು ಇತ್ತು. ಹನ್ನೆರಡನೆಯ ವಯಸ್ಸಿನಲ್ಲಿ ನಾನೇ ಕದ್ದು ಬಚ್ಚಿಟ್ಟ ಗಂಟು ಅದು. ಅಪ್ಪನ ಬಾಳು ಹೋಗಬೇಕಾದ ಕಡೆ ಹೋಗದೆ ಬೇರೆ ಕಡೆ ಹೊರಳಲು ಆ ಗಂಟೇ ಕಾರಣವೆಂದು ಅವತ್ತಿನಿಂದ ಇವತ್ತಿನವರೆಗೆ ನಂಬಿಕೊಂಡು ಬಂದವಳು ನಾನು. ಅದನ್ನು ಕೈಗೆ ತೆಗೆದುಕೊಂಡೆ, ಬಿಚ್ಚಲು ಹೋದೆ, ಕಟ್ಟಿದ ರೀತಿ ನೋಡಿ ಕೈ ತಡೆಯಿತು. ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ವಸ್ತು ಇದ್ದರೆ, ಅದನ್ನು ತೆರೆಯುವ ಮೊದಲು ಆ ಮನೆಯನ್ನೆಲ್ಲ ಒಮ್ಮೆ ಸುತ್ತಿ ಬರಬೇಕಾಗುತ್ತದೆಂದು ನಿಮಗೂ ಗೊತ್ತಿರುತ್ತದೆ.

ನಾವು ವಡೋದರಕ್ಕೆ ಹೋದದ್ದು ಅವ್ವನ ನೌಕರಿಯ ಬೆನ್ನು ಹತ್ತಿ. ಅವ್ವ ಬ್ಯಾಂಕಿನಲ್ಲಿದ್ದಳು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಆಕೆಗೆ ಹುಬ್ಬಳ್ಳಿಯಿಂದ ಗುಜರಾತಿಗೆ ವರ್ಗವಾಯಿತು. ಎಲ್ಲರ ಮನೆಯಲ್ಲಿ ಗಂಡನ ವರ್ಗಕ್ಕೆ ಹೆಂಡತಿ ಪಾತ್ರೆ ಪಡಗ ಕಟ್ಟುತ್ತಾಳೆ, ನಮ್ಮ ಮನೆಯಲ್ಲಿ ಅಪ್ಪ ಕಟ್ಟಿದ. ಹುಬ್ಬಳ್ಳಿಯಲ್ಲಿ ಅವನದೂ ಅವನ ಗೆಳೆಯ ಮಾಬೂಸಾಬನದೂ ಕೂಡಿ ಒಂದು ಗ್ಯಾರೇಜ್ ಇತ್ತು. ಇಂಜಿನಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತಿದ್ದ ಅಪ್ಪನನ್ನು ಅಲ್ಲಿ ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ವಡೋದರದ ಮಂಜಲ್‌ಪುರದ ನಮ್ಮ ಓಣಿಯಲ್ಲಿ ಅವನು ಬ್ಯಾಂಕಿನ ಬೆಹನ್‌ರ ಗಂಡ, ಅಷ್ಟೇ. ಬೆಳಿಗ್ಗೆ ಅವ್ವ ಬ್ಯಾಂಕಿಗೆ, ನಾನು ಶಾಲೆಗೆ ಹೋದ ಮೇಲೆ ಅಪ್ಪ ಜೋಳದ ರೊಟ್ಟಿ ಬಡಿಯುತ್ತಿದ್ದ. ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಮನೆಯ ಹೆಂಗಸರು ಕಾಂಪೌಂಡಿನ ಮೇಲಿಂದ ಇಣುಕಿ, ಗಂಡಸು ಅಡಿಗೆ ಮಾಡುವುದನ್ನು ಕಂಡು, ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದರಂತೆ. ಇದನ್ನು ಅಪ್ಪನೇ ನನಗೆ ಹೇಳಿ ನಗುತ್ತಿದ್ದ. ಆ ಊರಿನ ಎಲ್ಲ ಮನೆಗಳಂತೆ ನಮ್ಮ ಬಾಡಿಗೆ ಮನೆಯ ಮುಂದೆಯೂ ಕಬ್ಬಿಣದ ಸರಪಳಿಯ ಉಯ್ಯಾಲೆ ಇತ್ತು. ನಾನು ಶಾಲೆಯಿಂದ ಬರುವಾಗ ಅಪ್ಪ ಅದರ ಮೇಲೆ ಕೂತಿರುತ್ತಿದ್ದ. ತೂಗುತ್ತಿರಲಿಲ್ಲ, ಎರಡೂ ಪಾದ ನೆಲಕ್ಕೆ ಊರಿ ಸುಮ್ಮನೆ ಕೂತಿರುತ್ತಿದ್ದ. ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿ ನನ್ನನ್ನು ಹುಡುಕುವ ಆ ಮುಖ ನೋಡಿದರೆ ನಾನು ಕೊನೆಯ ಹತ್ತು ಹೆಜ್ಜೆ ಓಡುತ್ತಿದ್ದೆ. ಯಾಕೆಂದು ಆಗ ತಿಳಿಯುತ್ತಿರಲಿಲ್ಲ.

ಜೀಪು ಸಿಕ್ಕಿದ್ದು ಮಕರಪುರದ ಗುಜರಿ ಅಂಗಡಿಯಲ್ಲಿ. ಅಪ್ಪ ಏನೋ ಸ್ಕ್ರೂ ತರಲು ಸೈಕಲ್ ಮೇಲೆ ಹೋದವನು, ಕಾರ್ಖಾನೆಗಳ ಹಿಂದಿನ ಬಯಲಿನಲ್ಲಿ ಒಂದು ಹಳೆಯ ಮಿಲಿಟರಿ ಜೀಪಿನ ಚಾಸಿಯನ್ನೂ ಅದರ ಸುತ್ತ ಎದೆಯೆತ್ತರ ಬೆಳೆದ ಎಕ್ಕದ ಗಿಡಗಳನ್ನೂ ಕಂಡನಂತೆ. ವಾರವೊಂದರ ಮೇಲೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ. ಅಡ್ಡ ಬಾನೆಟ್ಟಿನ, ಮೂತಿ ತಗ್ಗಿನ, ಬಾಗಿಲೇ ಇಲ್ಲದ ಹಳೆಯ ಕಾಲದ ಗಾಡಿ. ಇಂಜಿನ್ ಇತ್ತು, ಒಳಗೆ ಇಲಿ ಮನೆ ಮಾಡಿತ್ತು. ಗಾಲಿಗಳು ಮೂರಿದ್ದವು, ನಾಲ್ಕನೆಯದರ ಜಾಗದಲ್ಲಿ ಇಟ್ಟಿಗೆ. ಅಂಗಳದ ಬೇವಿನ ಮರದ ಕೆಳಗೆ ಅದನ್ನು ನಿಲ್ಲಿಸಿ ಅಪ್ಪ ಸುತ್ತಲೂ ಮೂರು ಸಲ ತಿರುಗಿದ. ಸಂಜೆ ಅವ್ವ ಬ್ಯಾಂಕಿನಿಂದ ಬಂದು ಗೇಟಿನಲ್ಲೇ ನಿಂತು ಅದನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಇದನ್ನೇನು ಉಣ್ಣಾಕ ಬರ್ತೈತೇನು?" ಎಂದು ಕೇಳಿದಳು. "ಉಣ್ಣಾಕ ಬರೂದಿಲ್ಲ, ಊರಿಗೆ ಹೋಗಾಕ ಬರ್ತೈತಿ," ಎಂದ ಅಪ್ಪ. ಅವ್ವ ಕಾಲು ತೊಳೆಯಲು ಒಳಗೆ ಹೋದಳು. ಉಯ್ಯಾಲೆ ಅಂದಿನಿಂದ ಖಾಲಿಯಾಯಿತು.

ಅಪ್ಪನ ಕೆಲಸಕ್ಕೆ ಒಂದು ಕ್ರಮವಿತ್ತು. ಗಾಡಿಯ ಯಾವ ಭಾಗ ಬಿಚ್ಚಿದರೂ ಅದರ ನಟ್ಟು, ಬೋಲ್ಟು, ವಾಷರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿಡುವುದು. ಡಬ್ಬಿಯಲ್ಲಿ ಹಾಕಿದರೆ ಒಂದರ ಬೋಲ್ಟು ಇನ್ನೊಂದಕ್ಕೆ ಬೆರೆಯುತ್ತದೆ, ಗಂಟು ಬೆರೆಯುವುದಿಲ್ಲ ಎನ್ನುತ್ತಿದ್ದ. ಬಟ್ಟೆ ಅವ್ವನ ಹಳೆಯ ಸೀರೆಗಳದು. ಹೀಗಾಗಿ ನಾನು ಜೀಪನ್ನು ಕಲಿತದ್ದು ಸೀರೆಗಳ ಮೂಲಕ. ಬ್ರೇಕಿನ ಸಾಮಾನು ಕೆಂಪು ಚೌಕಳಿಯದರಲ್ಲಿ, ಗೇರ್‌ಬಾಕ್ಸಿನದು ನೀಲಿಯದರಲ್ಲಿ, ಸ್ಟೇರಿಂಗಿನದು ಹಸಿರಿನಲ್ಲಿ. ಪ್ರತಿ ಗಂಟಿನೊಳಗೂ ಒಂದು ಚೀಟಿ ಇರಬೇಕು, ಅದನ್ನು ಬರೆಯುವ ಕೆಲಸ ನನ್ನದು. ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಗುಜರಾತಿ, ಟಿವಿಯಲ್ಲಿ ಹಿಂದಿ, ನನಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ಅಪ್ಪ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸುತ್ತಿದ್ದ, ನಾನು ಚೀಟಿಗೆ ಇಳಿಸುತ್ತಿದ್ದೆ. ಮಕ್ಕಳು ಅರಸ ಆಟ ಅಂತ ಕನ್ನಡ ಶುರುಮಾಡುತ್ತಾರೆ. ನಾನು ಶುರುಮಾಡಿದ್ದು ಮುಂದಿನ ಪಟ್ಟಾ ಎಡಗಡೆ, ಹಿಂದಿನ ಬ್ರೇಕ್ ಡ್ರಮ್ಮು ಬಲಗಡೆ ಅಂತ. ಇವತ್ತು ಇಷ್ಟು ಬರೆಯುತ್ತಿದ್ದೇನೆಂದರೆ ಅದು ಆ ಅಂಗಳದ ಋಣ.

ಗಂಟಿಗೂ ಅವನದೊಂದು ರೀತಿ ಇತ್ತು. ಬಟ್ಟೆಯ ನಾಲ್ಕು ಮೂಲೆ ಕೂಡಿಸಿ, ಒಮ್ಮೆ ಸುತ್ತಿ, ಒಂದು ತುದಿಯನ್ನು ಮಡಚಿ ಒಳಗೆ ತೂರಿಸಿ, ಪುಟ್ಟ ಬಾಲ ಹೊರಗೆ ಬಿಡುತ್ತಿದ್ದ. ಆ ಬಾಲ ಹಿಡಿದು ಎಳೆದರೆ ಗಂಟು ತಾನೇ ಬಿಚ್ಚಿಕೊಳ್ಳುತ್ತಿತ್ತು. "ಕೈಯಾಗ ಎಣ್ಣಿ ಇದ್ರೂ ಒಂದ ಎಳತಕ್ಕ ಬಿಚ್ಚಬೇಕು. ಗಂಟು ಅಂದ್ರ ಹಿಂಗ," ಎನ್ನುತ್ತಿದ್ದ. ನನಗದು ಎಷ್ಟು ಕಲಿಸಿದರೂ ಬರಲಿಲ್ಲ. ನಾನು ಒಂದರ ಮೇಲೊಂದು ಎರಡು ಕಗ್ಗಂಟು ಬಿಗಿಯುವವಳು. ನಾನು ಕಟ್ಟಿದ್ದು ಕೈಗೆ ಸಿಕ್ಕಾಗಲೆಲ್ಲ ಅಪ್ಪ ಅದನ್ನು ಹಲ್ಲಿಗೆ ಕೊಟ್ಟು, "ಕಳ್ಳರು ಬರ್ತಾರಂತ ಕಟ್ಟೀಯೇನವಾ ಗೌರವ್ವಾ?" ಎಂದು ನಗುತ್ತಿದ್ದ.

ಅವನು ಕಟ್ಟಲು ಹೊರಟದ್ದು ರಸ್ತೆಗೂ ಸೈ, ಕೊರಕಲಿಗೂ ಸೈ ಎನ್ನುವಂಥ ಗಾಡಿಯನ್ನು. ಅದು ಸುಲಭದ ಮಾತಲ್ಲ. ಮಣ್ಣಿನಲ್ಲಿ ಹಿಡಿಯುವ ಗಡ್ಡೆಗಡ್ಡೆಯ ಟೈರು ಡಾಂಬರಿನ ಮೇಲೆ ಗುಂಯ್ ಎಂದು ಕಿವಿ ತಿನ್ನುತ್ತದೆ. ಗಾಲಿಯ ಮೇಲೆ ಗಟ್ಟಿ ಸ್ಪ್ರಿಂಗಿನ ಪಟ್ಟಾ ಹಾಕಿದರೆ ಹಳ್ಳ ದಾಟುತ್ತದೆ, ಆದರೆ ಪೇಟೆಯಲ್ಲಿ ಕೂತವರ ಬೆನ್ನು ಮುರಿಯುತ್ತದೆ. ಆರ್‌ಟಿಓದಲ್ಲಿ ಪಾಸಾಗಲು ಇಂಡಿಕೇಟರ್ ಬೇಕು, ಕನ್ನಡಿ ಬೇಕು, ಹೊಗೆ ಕಡಿಮೆ ಬೇಕು. ಅಪ್ಪ ಪ್ರತಿಯೊಂದಕ್ಕೂ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ. ಗೇರಿನ ಪಕ್ಕದಲ್ಲಿ ಇನ್ನೆರಡು ಕುಳ್ಳ ಹಿಡಿಕೆಗಳಿದ್ದವು. ಒಂದು ಮುಂದಿನ ಗಾಲಿಗಳಿಗೂ ಶಕ್ತಿ ಕೊಡುವುದು, ಇನ್ನೊಂದು ಗಾಡಿಯನ್ನು ಆಮೆಯಷ್ಟು ನಿಧಾನ, ಆನೆಯಷ್ಟು ಬಲವಾಗಿ ನಡೆಸುವುದು. ಸೀಟೇ ಇಲ್ಲದ ಗಾಡಿಯಲ್ಲಿ ಡಬ್ಬಿ ಬೋರಲು ಹಾಕಿ ಕೂತು ನಾನು ಆ ಹಿಡಿಕೆಗಳನ್ನು ಎಳೆಯುತ್ತಾ ಎಷ್ಟೋ ಸಂಜೆಗಳನ್ನು ಕಳೆದಿದ್ದೇನೆ. ಅಪ್ಪನ ದಾರಿ ಅವನ ತಲೆಯಲ್ಲಿ ಸಿದ್ಧವಾಗಿತ್ತು. ಸೂರತ್, ಅಲ್ಲಿಂದ ಡಾಂಗ್‌ನ ಕಾಡುದಾರಿ ಹಿಡಿದು ಘಟ್ಟ ಹತ್ತಿ ನಾಸಿಕ, ಪುಣೆ, ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ. ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಹೋಗಲು ಇಷ್ಟು ಕಷ್ಟಪಡಬೇಕೇ ಎಂದು ಅವನ ವಾದ. ಕೈಯಿಂದ ಆಗದ ಕೆಲಸವಿದ್ದರೆ ಮಕರಪುರದ ನಟುಭಾಯಿಯ ಹತ್ತಿರ ಹೋಗುತ್ತಿದ್ದ. ನಟುಭಾಯಿಯದು ಒಂದು ಲೇತ್ ಯಂತ್ರದ ಸಣ್ಣ ವರ್ಕ್‌ಶಾಪು. ಅಪ್ಪನಿಗೆ ಗುಜರಾತಿ ಬರದು, ನಟುಭಾಯಿಗೆ ಕನ್ನಡ ಬರದು, ಇಬ್ಬರ ಹಿಂದಿಯೂ ಅಷ್ಟಕ್ಕಷ್ಟೇ. ಸವೆದ ತುಂಡೊಂದನ್ನು ಅಪ್ಪ ಅಂಗೈಯಲ್ಲಿಟ್ಟು ತೋರಿಸಿದರೆ ನಟುಭಾಯಿ ಅದನ್ನು ಬೆಳಕಿಗೆ ಹಿಡಿದು, "ಥಈ ಜಶೆ," ಎನ್ನುತ್ತಿದ್ದ. ಆಗುತ್ತದೆ ಎಂದರ್ಥ. ಆ ಊರಿನಲ್ಲಿ ಅಪ್ಪನಿಗೆ ಗೆಳೆಯನೆಂದು ಇದ್ದವನು ಅವನೊಬ್ಬನೇ.

ಎರಡು ವರ್ಷದ ಮೇಲೆ ಅವ್ವನಿಗೆ ಬಡ್ತಿ ಬಂತು, ಜೊತೆಗೆ ಸೂರತ್‌ಗೆ ವರ್ಗ. ಒಂದು ವರ್ಷದ ಮಾತು, ಮತ್ತೆ ವಡೋದರಕ್ಕೇ ಹಾಕುತ್ತಾರೆ ಎಂದರು. ನನ್ನ ಶಾಲೆ ತಪ್ಪಿಸುವುದು ಬೇಡವೆಂದು ನಾನೂ ಅಪ್ಪನೂ ಮಂಜಲ್‌ಪುರದಲ್ಲೇ ಉಳಿದೆವು. ಅವ್ವ ಶನಿವಾರ ಸಂಜೆಯ ರೈಲಿಗೆ ಬರುತ್ತಿದ್ದಳು, ಸೋಮವಾರ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಹೊರಟು ಹೋಗಿರುತ್ತಿದ್ದಳು. ಮಧ್ಯದ ಐದು ದಿನ ಆ ಮನೆಯಲ್ಲಿ ಎಷ್ಟು ಕಡಿಮೆ ಸದ್ದಿತ್ತೆಂದರೆ, ಬೇವಿನ ಕಾಯಿ ಜೀಪಿನ ಬಾನೆಟ್ಟಿನ ಮೇಲೆ ಬಿದ್ದರೆ ಒಳಗಿದ್ದ ನಾನು ಎಣಿಸಬಹುದಿತ್ತು. ಅಪ್ಪ ಮಾತು ಕಡಿಮೆ ಮಾಡಿದ. ಸಿಟ್ಟಿನಿಂದಲ್ಲ, ಆಡಲು ಯಾರೂ ಇರಲಿಲ್ಲ. ನಾನೊಬ್ಬಳಿದ್ದೆ. ಅವನು ಗಾಡಿಯ ಕೆಳಗೆ ಗೋಣಿಚೀಲ ಹಾಸಿ ಮಲಗುತ್ತಿದ್ದ, ನಾನು ಪಕ್ಕದಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಹೊರಗೆ ಕಾಣುತ್ತಿದ್ದುದು ಅವನ ಎರಡು ಪಾದ ಮಾತ್ರ. ಅವುಗಳೊಂದಿಗೆ ನಾನು ಎಷ್ಟೋ ಮಾತಾಡಿದ್ದೇನೆ. ಹದಿನಾಲ್ಕು ನಂಬರ್ ಕೊಡು ಎನ್ನುವ ದನಿ ಕೆಳಗಿನಿಂದ ಬಂದರೆ ನಟ್ಟು ತಿರುಗಿಸುವ ಆ ನಂಬರಿನ ಪಾನ ತೂರಿಸುತ್ತಿದ್ದೆ. ಆ ವರ್ಷಗಳಲ್ಲಿ ನನಗೆ ಗೆಳತಿಯರು ಯಾರೂ ಇರಲಿಲ್ಲ ಎಂಬುದು ದೊಡ್ಡವಳಾದ ಮೇಲೆ ಹೊಳೆದ ಸಂಗತಿ. ಆಗ ಹಾಗನ್ನಿಸಲಿಲ್ಲ, ಅಪ್ಪ ಇದ್ದನಲ್ಲ.

ಹೀಗಿರುವಾಗ ಮಾಬೂಸಾಬನ ಪತ್ರ ಬಂತು. ಗ್ಯಾರೇಜನ್ನು ದೊಡ್ಡ ಜಾಗಕ್ಕೆ ಒಯ್ಯುತ್ತಿದ್ದೇನೆ, ದಸರೆಗೆ ಹೊಸ ಜಾಗದ ಪೂಜೆ, ನಿನ್ನ ಜಾಗ ನಿನಗೇ ಇದೆ, ಬರುವೆಯೋ ಇಲ್ಲವೋ ಹೇಳು ಎಂದು ಬರೆದಿದ್ದ. ಅಪ್ಪ ಆ ಪತ್ರವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಒಂದು ವಾರ ತಿರುಗಿದ, ಅದಕ್ಕೆ ಗ್ರೀಸಿನ ಬೆರಳಚ್ಚು ಬಿದ್ದಿತ್ತು. ಮುಂದಿನ ಶನಿವಾರ ಊಟಕ್ಕೆ ಕೂತಾಗ ಅವ್ವನಿಗೆ ಹೇಳಿದ. "ದಸರಾಕ ಗಾಡಿ ಮುಗೀತೈತಿ. ಮುಗೀತಂದ್ರ ನಾ ಊರಿಗೆ ಹೊಂಡ್ತೀನಿ. ಇಲ್ಲಿ ಕುಂತು ಏನ್ ಮಾಡ್ಲಿ?" ಅವ್ವ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಹೋಗ್ರಿ. ನಿಮ್ಮನ್ನ ಹಿಂಗ ನೋಡಾಕ ನನಗೂ ಆಗವಲ್ದು," ಎಂದಳು. "ಗೌರೀನ್ನ ನಾ ಸೂರತ್‌ಗೆ ಕರಕೊಂಡು ಹೋಗ್ತೀನಿ." ಜಗಳವಿಲ್ಲ, ಅಳುವಿಲ್ಲ. ದಸರೆಯ ದಿನ ಮೂವರೂ ಜೀಪಿನಲ್ಲಿ ಸೂರತ್‌ಗೆ ಹೋಗುವುದು, ನಮ್ಮಿಬ್ಬರನ್ನು ಅಲ್ಲಿ ಇಳಿಸಿ ಅಪ್ಪ ಮುಂದೆ ಹೋಗುವುದು ಎಂದು ನಿಶ್ಚಯವಾಯಿತು. ವಿಜಯದಶಮಿಯಂದು ಊರ ಗಡಿ ದಾಟುವುದು ನಮ್ಮ ಕಡೆಯ ಪದ್ಧತಿ, ಸೀಮೋಲ್ಲಂಘನ ಎನ್ನುತ್ತಾರೆ. ಒಳ್ಳೆಯ ದಿನ ಎಂದ ಅಪ್ಪ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅವ್ವನೆಂದರೆ ನನಗೆ ಇಷ್ಟವಿರಲಿಲ್ಲವೆಂದಲ್ಲ. ಆದರೆ ಅವ್ವ ಎಂಟು ಗಂಟೆಗೆ ಬ್ಯಾಂಕಿನಿಂದ ಬರುವ ಒಂದು ಕೋಣೆಯಲ್ಲಿ, ಕೀಲಿಕೈ ಕೊರಳಿಗೆ ಹಾಕಿಕೊಂಡು, ಯಾರ ಪಾದಗಳೊಂದಿಗೆ ಮಾತಾಡಲಿ?

ನವರಾತ್ರಿ ಶುರುವಾಯಿತು. ಓಣಿಯ ಹುಡುಗಿಯರೆಲ್ಲ ಕನ್ನಡಿಯ ಘಾಗ್ರಾ ತೊಟ್ಟು ಗರಬಾಕ್ಕೆ ಹೋದರು, ನಾನು ಹೋಗಲಿಲ್ಲ. ಗಾಡಿಗೆ ಹಸಿರು ಬಣ್ಣ ಬಂತು, ಕ್ಯಾನ್ವಾಸಿನ ಹೊದಿಕೆ ಬಂತು, ನಂಬರಿನ ಹಲಗೆ ಬಂತು. ಉಳಿದದ್ದು ಸ್ಟೇರಿಂಗಿನ ಕೀಲಿಗೆ ಹಾಕುವ ನಾಲ್ಕು ಹಿತ್ತಾಳೆಯ ಬುಷ್‌ಗಳು. ಹೆಬ್ಬೆರಳಿನ ಗಾತ್ರದ, ಒಳಗೆ ಪೊಳ್ಳಾದ ತುಂಡುಗಳು. ಅವಿಲ್ಲದಿದ್ದರೆ ಸ್ಟೇರಿಂಗ್ ಚಕ್ರ ಒಂದು ಕಡೆ ತಿರುಗಿಸಿದರೆ ಗಾಡಿ ಇನ್ನೊಂದು ಕಡೆ ಹೋಗುತ್ತದೆ. ಅಷ್ಟಮಿಯ ಸಂಜೆ ನಟುಭಾಯಿ ತಾನೇ ತಂದುಕೊಟ್ಟು, ಹಬ್ಬಕ್ಕೆ ತನ್ನ ಹಳ್ಳಿಗೆ ಹೋಗುತ್ತೇನೆ, ಹುಣ್ಣಿಮೆ ಕಳೆದು ಬರುತ್ತೇನೆ ಎಂದು ಹೇಳಿ ಹೋದ. ಅಪ್ಪ ಅವನ್ನು ಹಸಿರು ತುಂಡಿನಲ್ಲಿ ಕಟ್ಟಿಟ್ಟ. ಮರುದಿನವೇ ಹಾಕಬಹುದಿತ್ತು. ಆದರೆ ಮರುದಿನ ಖಂಡೇ ನವಮಿ. ಅವತ್ತು ಹತಾರಗಳನ್ನೆಲ್ಲ ತೊಳೆದು, ದೇವರ ಮುಂದೆ ಸಾಲಾಗಿ ಇಟ್ಟು, ಕುಂಕುಮ ಹಚ್ಚಿ ಪೂಜೆ ಮಾಡಿದರೆ ದಶಮಿಯ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವಂತಿಲ್ಲ. ಒಂದು ಸ್ಕ್ರೂ ಕೂಡ ತಿರುಗಿಸುವಂತಿಲ್ಲ. ಅಪ್ಪ ದೇವರಿಗೆ ಅಷ್ಟೇನೂ ಹೆದರುವವನಲ್ಲ, ಈ ಒಂದು ಪೂಜೆಗೆ ಮಾತ್ರ ಹೆದರುತ್ತಿದ್ದ. ಎಲ್ಲ ಮುಗಿದು ಒಂದು ತಾಸಿನ ಕೆಲಸ ಉಳಿದಿದ್ದರೂ ಪಾನಗಳನ್ನು ತೊಳೆದು ಇಟ್ಟ. ಅವುಗಳ ಪಕ್ಕದಲ್ಲಿ ನನ್ನ ಶಾಲೆಯ ಪುಸ್ತಕಗಳು. ಪುಸ್ತಕಕ್ಕೂ ಅವತ್ತು ಪೂಜೆ, ದಶಮಿಯ ಸಂಜೆ ದೀಪ ಹಚ್ಚುವವರೆಗೆ ಅದನ್ನೂ ತೆರೆಯುವಂತಿಲ್ಲ. ಹಬ್ಬದ ರಜೆಗೆ ಬಂದಿದ್ದ ಅವ್ವ ರವಿಕೆಗೆಂದು ಇಟ್ಟಿದ್ದ ತನ್ನ ರೇಷ್ಮೆಯ ಖಣ ಕೊಟ್ಟು ಪುಸ್ತಕ ಕಟ್ಟು ಎಂದಳು.

ಕಟ್ಟುವಾಗ ನಾನು ಹಸಿರು ಗಂಟನ್ನು ಪುಸ್ತಕಗಳ ನಡುವೆ ಇಟ್ಟೆ. ಅದಕ್ಕಿಂತ ಮೊದಲು ಒಮ್ಮೆ ಬಿಚ್ಚಿ ನೋಡಿದೆ. ನಾಲ್ಕೂ ಬುಷ್‌ಗಳು ಹೊಸ ಹಿತ್ತಾಳೆಯ ಬಣ್ಣದಲ್ಲಿ ಹೊಳೆಯುತ್ತಿದ್ದವು. ಮತ್ತೆ ಕಟ್ಟುವಾಗ ನನ್ನದೇ ರೀತಿಯಲ್ಲಿ ಎರಡು ಕಗ್ಗಂಟು ಬಿಗಿದೆ. ಅಪ್ಪ ದೇವರ ಮುಂದೆ ಇಟ್ಟ ಪುಸ್ತಕದ ಕಟ್ಟು ಬಿಚ್ಚುವವನಲ್ಲ ಎಂಬುದು ನನ್ನ ಲೆಕ್ಕಾಚಾರ. ಹನ್ನೆರಡು ವರ್ಷದವಳಿಗೆ ಇಷ್ಟು ತಲೆ ಓಡಿತಲ್ಲ ಎಂದು ಈಗಲೂ ನನ್ನ ಬಗ್ಗೆ ನನಗೇ ನಾಚಿಕೆಯಾಗುತ್ತದೆ.

ದಶಮಿಯ ಬೆಳಿಗ್ಗೆ ಅಪ್ಪ ಹೊಸ ಅಂಗಿ ಹಾಕಿದ್ದ. ಜೀಪಿನ ಮೂತಿಗೆ ಚೆಂಡುಹೂವಿನ ಸರ, ಗಾಲಿಗಳ ಕೆಳಗೆ ನಿಂಬೆಹಣ್ಣು, ಒಡೆಯಲು ಬೂದುಗುಂಬಳ. ಅವ್ವ ದಾರಿಗೆಂದು ಹೋಳಿಗೆ ಕಟ್ಟುತ್ತಿದ್ದಳು. ಪಾನ ಕೈಗೆ ತೆಗೆದುಕೊಂಡು ಅಪ್ಪ ಗಂಟು ಹುಡುಕಿದ. ಮೊದಲು ಸಹಜವಾಗಿ, ಆಮೇಲೆ ಬೇಗಬೇಗ, ಆಮೇಲೆ ಮತ್ತೆ ನಿಧಾನವಾಗಿ. ಎಲ್ಲ ಗಂಟುಗಳೂ ಬಳಕೆಯಾಗಿ ಹೋಗಿದ್ದರಿಂದ ಅಂಗಳದಲ್ಲಿ ಹುಡುಕಲು ಹೆಚ್ಚೇನೂ ಇರಲಿಲ್ಲ. ಗೋಣಿಚೀಲ ಝಾಡಿಸಿದ, ಸೀಟು ಎತ್ತಿದ, ಬೇವಿನ ಬುಡ ಕೆದಕಿದ. ಅವ್ವ ಹಿಟ್ಟಿನ ಡಬ್ಬಿಯಲ್ಲೂ ಕೈಯಾಡಿಸಿದಳು. ಬೇರೆ ಮಾಡಿಸೋಣವೆಂದರೆ ಮಕರಪುರವೆಲ್ಲ ಬೀಗ ಹಾಕಿತ್ತು, ನಟುಭಾಯಿ ಊರಲ್ಲಿಲ್ಲ. "ಗೌರವ್ವಾ, ನೀ ಎಲ್ಲೆರೆ ನೋಡೀಯೇನು?" ಎಂದು ಕೇಳಿದ. ನಾನು ಇಲ್ಲ ಎಂದೆ. ತಲೆನೋವು ಎಂದು ಹೇಳಿ ಮಹಡಿಯ ಮೇಲಿನ ಬಯಲಿಗೆ ಹೋಗಿ ನೀರಿನ ಟ್ಯಾಂಕಿನ ನೆರಳಿನಲ್ಲಿ ಮಲಗಿದೆ. ಕೆಳಗೆ ಹುಡುಕುವ ಸದ್ದು ಕೇಳುತ್ತಲೇ ಇತ್ತು. ಯಾವಾಗಲೋ ಅದು ನಿಂತಿತು. ಬಹಳ ಹೊತ್ತಿನ ಮೇಲೆ ಅಪ್ಪ ಮೆಟ್ಟಿಲು ಹತ್ತಿ ಬಂದು ನನ್ನ ಪಕ್ಕ ಕೂತ. ಹಣೆ ಮುಟ್ಟಿ ನೋಡಿದ. ಹೊಸ ಅಂಗಿಯ ತೋಳಿಗೆ ಮಣ್ಣಾಗಿತ್ತು. "ಸಿಗಲಿಲ್ಲ ಗೌರವ್ವಾ," ಎಂದ. "ಇರ್ಲಿ ಬಿಡು. ಗಾಡಿ ಎಲ್ಲಿ ಓಡಿ ಹೋಗ್ತೈತಿ?" ನಾನು ಕಣ್ಣು ಬಿಡಲಿಲ್ಲ.

ಸಂಜೆ ಅವನು ಸೈಕಲ್ ಮೇಲೆ ಹೋಗಿ ಎಲ್ಲಿಂದಲೋ ಬನ್ನಿ ತಂದ. ಬನ್ನಿಯ ಎಲೆಯನ್ನು ಬಂಗಾರವೆಂದು ಕೊಟ್ಟು ತೆಗೆದುಕೊಳ್ಳುವುದು ನಮ್ಮ ಕಡೆಯ ದಸರೆಯ ಕೊನೆಯ ಕೆಲಸ. ಸಣ್ಣವರು ದೊಡ್ಡವರ ಕೈಗೆ ಕೊಟ್ಟು ಕಾಲು ಮುಟ್ಟಬೇಕು. ವರ್ಷದಲ್ಲಿ ಒಬ್ಬರಿಗೊಬ್ಬರು ಏನೇ ಮಾಡಿದ್ದರೂ ಅಲ್ಲಿಗೆ ಮುಗಿಯಿತು, ಮತ್ತೆ ಎತ್ತುವಂತಿಲ್ಲ. ಬನ್ನಿ ತಗೊಂಡು ಬಂಗಾರದಂಗ ಇರೂಣು ಎನ್ನುತ್ತಾರೆ. ಅವ್ವನೂ ಅಪ್ಪನೂ ಕೊಟ್ಟುಕೊಂಡರು. ಅವ್ವ ಕೂಗಿದಾಗ ನಾನು ಇಳಿದು ಬಂದೆ, ಅವ್ವನಿಗೆ ಕೊಟ್ಟೆ. ಅಪ್ಪನಿಗೆ ಕೊಡಲು ಆಗಲಿಲ್ಲ. ಅವನ ಕಾಲು ಮುಟ್ಟಿದರೆ ಎಲ್ಲ ಬಾಯಿಗೆ ಬಂದುಬಿಡುತ್ತದೆಂದು ಭಯ. ಮತ್ತೆ ತಲೆನೋವು ಎಂದು ಒಳಗೆ ಹೋದೆ. ದೀಪ ಹಚ್ಚುವ ಹೊತ್ತಿಗೆ ಪುಸ್ತಕ ತೆಗೆ ಎಂದಳು ಅವ್ವ. ಅರೆಬೆಳಕಿನಲ್ಲಿ ಖಣ ಬಿಚ್ಚಿ, ಹಸಿರು ಗಂಟನ್ನು ನೋಡದೆಯೇ ಮುಷ್ಟಿಯಲ್ಲಿ ಹಿಡಿದು, ದುಪ್ಪಟಿಗಳ ಟ್ರಂಕಿನ ತಳಕ್ಕೆ ತುರುಕಿದೆ. ಆಮೇಲೆ ಅದರ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.

ಹುಣ್ಣಿಮೆ ಕಳೆದು ನಟುಭಾಯಿ ಬಂದ, ಬೇರೆ ನಾಲ್ಕು ಬುಷ್ ಮಾಡಿಕೊಟ್ಟ. ಅಪ್ಪ ಹಾಕಿದ. ಹೊರಡುವ ಮಾತು ಮಾತ್ರ ಎತ್ತಲಿಲ್ಲ. ಗೇರ್‌ಬಾಕ್ಸಿನಲ್ಲಿ ಸದ್ದಿದೆ ಎಂದು ಅದನ್ನು ಮತ್ತೆ ಬಿಚ್ಚಿದ, ನೀಲಿ ಸೀರೆಯ ಗಂಟುಗಳು ಮತ್ತೆ ಬಂದವು. ದೀಪಾವಳಿಯ ಹೊತ್ತಿಗೆ ಅವ್ವ ಹೇಳಿದಳು, ಮಾಬೂಸಾಬ ತನ್ನ ಅಳಿಯನನ್ನು ಗ್ಯಾರೇಜಿಗೆ ಸೇರಿಸಿಕೊಂಡನಂತೆ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ದಸರೆಗೆ ಬಾ ಎಂದಿದ್ದ, ಹೋಗಲಿಲ್ಲ, ಜಾಗ ಹೋಯಿತು, ಅದನ್ನು ಕಳೆದವಳು ನಾನು. ಈ ಲೆಕ್ಕ ನನ್ನ ತಲೆಯಲ್ಲಿ ಅಂದು ಕೂತದ್ದು ಮತ್ತೆ ಏಳಲಿಲ್ಲ. ಹೊಸ ವರ್ಷಕ್ಕೆ ಅಪ್ಪ ಮಕರಪುರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಉಸ್ತಾದ್ ಎನಿಸಿಕೊಂಡವನು ಖಾಕಿ ಅಂಗಿ ತೊಟ್ಟು, ಗೇಟಿನಲ್ಲಿ ಕಾರ್ಡು ಒತ್ತಿ, ತನಗಿಂತ ಚಿಕ್ಕವನೊಬ್ಬ ಹೇಳಿದ ಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದ. ಸಂಜೆ ಐದೂವರೆಗೆ ಮನೆಯಲ್ಲಿರುತ್ತಿದ್ದ. ನಾನು ಅವ್ವನ ಜೊತೆ ಸೂರತ್‌ಗೆ ಹೋಗುವ ಮಾತು ತಾನಾಗಿಯೇ ಬಿದ್ದುಹೋಯಿತು.

ಜೀಪು ಕೊನೆಗೂ ಓಡಿತು. ಅವ್ವ ವಡೋದರಕ್ಕೆ ವಾಪಸಾದ ಮೇಲೆ ಭಾನುವಾರಗಳಂದು ನಾವು ಮಹೀ ನದಿಯ ಕೊರಕಲುಗಳಿಗೆ ಹೋಗುತ್ತಿದ್ದೆವು. ಡಾಂಬರಿನ ಮೇಲೆ ಅದು ಮರ್ಯಾದಸ್ಥರಂತೆ ಸದ್ದಿಲ್ಲದೆ ನಡೆಯುತ್ತಿತ್ತು. ಮಣ್ಣಿನ ದಾರಿ ಮುಗಿದು ನೆಲ ಸೀಳಿಕೊಂಡ ಕಡೆ ಅಪ್ಪ ನಿಲ್ಲಿಸಿ, ಆ ಎರಡು ಕುಳ್ಳ ಹಿಡಿಕೆಗಳನ್ನು ನನ್ನಿಂದ ಎಳೆಸುತ್ತಿದ್ದ. ಮೂತಿ ಆಕಾಶಕ್ಕೆ ಎದ್ದು, ಅವ್ವ ಸೆರಗು ಕಚ್ಚಿ ಹಿಡಿದು, 'ಶಿವಾ' ಎನ್ನುವಷ್ಟರಲ್ಲಿ ಗಾಡಿ ಮೇಲೆ ಬಂದಿರುತ್ತಿತ್ತು. ನದಿ ಕಾಣುವ ಏರಿನ ಮೇಲೆ ನಿಲ್ಲಿಸಿ ಹೋಳಿಗೆಯೋ ರೊಟ್ಟಿಯೋ ತಿನ್ನುತ್ತಿದ್ದೆವು. ಅಪ್ಪ ತಿಂದು ಮುಗಿಸಿ ದಕ್ಷಿಣದ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಆ ಬೆನ್ನು ನೋಡಿದಾಗಲೆಲ್ಲ ಹೇಳಿಬಿಡಬೇಕೆನಿಸುತ್ತಿತ್ತು. ಹೇಳಲಿಲ್ಲ. ಮುಂದಿನ ದಸರೆಗಳಲ್ಲೆಲ್ಲ ಅವನಿಗೆ ಬನ್ನಿ ಕೊಟ್ಟೆ, ಕಾಲು ಮುಟ್ಟಿದೆ, ಅವನು ತಲೆ ಸವರಿದ. ಆ ಒಂದು ವರ್ಷದ್ದು ಮಾತ್ರ ಹಾಗೆಯೇ ಉಳಿಯಿತು. ಆ ಗಾಡಿ ಹುಬ್ಬಳ್ಳಿಯನ್ನು ನೋಡಲೇ ಇಲ್ಲ. ನಾನು ಕಾಲೇಜು ಮುಗಿಸುವ ಹೊತ್ತಿಗೆ ಅಪ್ಪನಿಗೆ ಕ್ಲಚ್ ತುಳಿಯುವಷ್ಟು ಮಂಡಿ ಗಟ್ಟಿಯಿರಲಿಲ್ಲ, ಯಾರೋ ಬಂದು ಗಾಡಿ ಒಯ್ದರು. ಬೇವಿನ ಕೆಳಗೆ ಎಣ್ಣೆ ಇಂಗಿದ ಕರಿ ನೆಲ ಉಳಿಯಿತು, ಅಲ್ಲಿ ಹುಲ್ಲು ಹುಟ್ಟಲಿಲ್ಲ. ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಅವನ ಪಾದ ಒತ್ತುತ್ತಾ ಕೂತಾಗಲೂ ನನ್ನ ನಾಲಿಗೆ ಏಳಲಿಲ್ಲ. ಮಂಜಲ್‌ಪುರದ ಮನೆ ಕೆಡವಿ ಈಗ ಅಲ್ಲಿ ಆರು ಮಹಡಿ ಎದ್ದಿದೆ, ಬೇವಿನ ಮರವೂ ಇಲ್ಲ. ಅವ್ವ ನನ್ನ ಜೊತೆ ಸೂರತ್‌ನಲ್ಲಿದ್ದಾಳೆ. ನಾನು ಹೆದರಿದ್ದ ಸೂರತ್‌ಗೆ ಕೊನೆಗೆ ನೌಕರಿಗೆಂದು ನಾನೇ ಬಂದೆ, ಟ್ರಂಕು ಅವ್ವನ ಹಿಂದೆ ಬಂತು.

ಒಳಗಿನ ಕೋಣೆಯಿಂದ ಅವ್ವ ಕೇಳಿದಳು, "ಚಿಮಣಿ ಎಣ್ಣಿ ವಾಸನಿ ಎಲ್ಲಿಂದ ಬಂತ?" ಸೀಮೆಎಣ್ಣೆಯ ವಾಸನೆ ನನಗಷ್ಟೇ ಅಲ್ಲ, ಅವಳಿಗೂ ಬಂದಿತ್ತು. "ಹಳೇ ಬಟ್ಟಿ ಅವ್ವಾ," ಎಂದೆ.

ತೊಡೆಯ ಮೇಲಿನ ಗಂಟನ್ನು ಮತ್ತೆ ಕೈಗೆತ್ತಿಕೊಂಡೆ. ಅವತ್ತು ನಾನು ಬಿಗಿದದ್ದು ಎರಡು ಕಗ್ಗಂಟು, ಅದು ನನಗೆ ನಿನ್ನೆಯಷ್ಟು ನೆನಪಿದೆ. ಇದರಲ್ಲಿ ಕಗ್ಗಂಟಿರಲಿಲ್ಲ. ನಾಲ್ಕು ಮೂಲೆ ಕೂಡಿಸಿ, ಒಮ್ಮೆ ಸುತ್ತಿ, ಒಂದು ತುದಿ ಮಡಚಿ ಒಳಗೆ ತೂರಿಸಿ, ಪುಟ್ಟ ಬಾಲ ಹೊರಗೆ ಬಿಟ್ಟಿತ್ತು. ಬಾಲ ಹಿಡಿದು ಎಳೆದೆ. ಒಂದೇ ಎಳೆತಕ್ಕೆ ಬಿಚ್ಚಿತು. ಕಪ್ಪುಗಟ್ಟಿದ ನಾಲ್ಕು ಬುಷ್‌ಗಳು, ನನ್ನ ಸೊಟ್ಟ ಅಕ್ಷರದ ಚೀಟಿ, ಮತ್ತು ನಾನು ಇಡದ ಒಂದು ವಸ್ತು. ಬನ್ನಿಯ ಒಂದು ಕಡ್ಡಿ. ಅದರ ಸಣ್ಣ ಸಣ್ಣ ಎಲೆಗಳೆಲ್ಲ ಉದುರಿ ಬಟ್ಟೆಯ ಮಡಿಕೆಗಳಲ್ಲಿ ಪುಡಿಯಾಗಿ ಕೂತಿದ್ದವು.

ಆ ದಸರೆಯ ಸಂಜೆ, ನಾನು ಖಣ ಬಿಚ್ಚುವ ಮೊದಲೇ ಅಪ್ಪ ಬಿಚ್ಚಿದ್ದ. ಹಣೆ ಮುಟ್ಟಿದಾಗಲೇ ನನ್ನ ತಲೆನೋವು ಎಂಥದ್ದೆಂದು ಅವನಿಗೆ ತಿಳಿದಿರಬೇಕು, ಮನೆಯಲ್ಲಿ ಹುಡುಕದೆ ಉಳಿದದ್ದು ಆ ಕಟ್ಟೊಂದೇ. ಇಡೀ ವರ್ಷದಲ್ಲಿ ಆ ಒಂದು ಪೂಜೆಗೆ ಹೆದರುತ್ತಿದ್ದವನು ದೇವರ ಮುಂದಿನ ಪುಸ್ತಕದ ಕಟ್ಟಿಗೆ ಕೈ ಹಾಕಿದ್ದ. ಬುಷ್‌ಗಳು ಅವನ ಕೈಯಲ್ಲಿದ್ದವು, ಪಾನ ಪಕ್ಕದಲ್ಲೇ ಇತ್ತು, ಒಂದು ತಾಸಿನ ಕೆಲಸ. ರಾತ್ರಿಯಾಗುವುದರೊಳಗೆ ಊರ ಗಡಿ ದಾಟಬಹುದಿತ್ತು. ಅವನು ನನ್ನ ಕಗ್ಗಂಟನ್ನು ಹಲ್ಲಿನಿಂದ ಬಿಚ್ಚಿ, ಕೈಯಲ್ಲಿದ್ದ ಬನ್ನಿಯ ಕಡ್ಡಿಯೊಂದನ್ನು ಒಳಗಿಟ್ಟು, ತನ್ನ ರೀತಿಯಲ್ಲಿ ಕಟ್ಟಿ, ಇದ್ದ ಜಾಗದಲ್ಲೇ ಇಟ್ಟು, ಉಳಿದುಕೊಂಡ. ಅವನ ಜಾಗವನ್ನು ಕಳೆದವಳು ನಾನಲ್ಲ ಎಂದು ತಿಳಿದು ನನಗೆ ಹಗುರಾಗಬೇಕಿತ್ತು. ಆಗಲಿಲ್ಲ. ಕಳೆದದ್ದು ನಾನೆಂದು ತಿಳಿದಿದ್ದಾಗ ಅವನು ನನ್ನ ತಪ್ಪಿನಿಂದ ಉಳಿದವನಾಗಿದ್ದ. ಈಗ ನೋಡಿದರೆ ನನಗಾಗಿ ಉಳಿದವನು, ಉಳಿದು ಅದನ್ನು ಒಂದು ದಿನವೂ ಬಾಯಿ ಬಿಟ್ಟು ಹೇಳದವನು.

ಗಂಟು ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು. ನಾನು ನೋಡುತ್ತೇನೆಂದೇ ಅವನು ಕಟ್ಟಿದ್ದ. ಎಷ್ಟೋ ದಸರೆ ಅವನು ಕಾದಿರಬೇಕು. ಬುಷ್‌ಗಳನ್ನೂ ಕಡ್ಡಿಯನ್ನೂ ಬಟ್ಟೆಗೆ ಹಾಕಿ ಅವನಂತೆ ಕಟ್ಟಲು ನೋಡಿದೆ, ಮೂರು ಸಲ ನೋಡಿದೆ, ಬರಲಿಲ್ಲ. ಕೊನೆಗೆ ಹಾಗೆಯೇ ಬಿಟ್ಟೆ. ಆ ವರ್ಷದ ಬನ್ನಿ ಅವನು ಕೊಟ್ಟಿದ್ದಾನೆ. ನಾನು ಇನ್ನೂ ಕೊಟ್ಟಿಲ್ಲ.